ಕಲ್ಲುಪ್ಪು ಹೇಳಿದರೆ

ಆ ಬಂದರಿನಲ್ಲಿ ಹಡಗಿನ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಪುಡಿಯುಪ್ಪು ಎನ್ನುತ್ತಿದ್ದರು. ಮೊದಲ ಅಲೆಗೇ ಕರಗಿಹೋಗುವವರು ಎಂದು ಅರ್ಥ. ಪುಡಿಯುಪ್ಪಿಗೆ ವಾಂತಿಯಾಗುತ್ತದೆ, ಹಗ್ಗ ಕೈಯಿಂದ ಜಾರುತ್ತದೆ, ದಡ ಕಂಡರೆ ಕಣ್ಣು ತುಂಬಿ ಬರುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಆ ಹೆಸರು ತಾನಾಗಿ ಉದುರಿಹೋಗುತ್ತದೆ. ಆಮೇಲೆ ಹೆಚ್ಚಿನವರಿಗೆ ಕೆಲಸ ಮುಗಿಯುವವರೆಗೂ ಯಾವ ಹೆಸರೂ ಬೀಳುವುದಿಲ್ಲ. ಹತ್ತು ಹಡಗಿಗೆ ಒಬ್ಬರೋ ಇಬ್ಬರೋ ಕಲ್ಲುಪ್ಪು ಆಗುತ್ತಿದ್ದರು.

ಈ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಬಾಯಿಗೊಂದು ಕಥೆ. ಮೂವತ್ತು ವರ್ಷ ಮೈಮೇಲೆ ಸಮುದ್ರದ ನೀರು ಒಣಗಿ ಒಣಗಿ ಮನುಷ್ಯನೇ ಉಪ್ಪಿನ ಹರಳಾಗುತ್ತಾನೆ ಎನ್ನುವವರು ಕೆಲವರು. ನೀರು ಬಿದ್ದರೆ ಪುಡಿಯುಪ್ಪು ಆ ಕ್ಷಣಕ್ಕೇ ಮಾಯ, ಕಲ್ಲುಪ್ಪು ಮಾತ್ರ ತಳದಲ್ಲಿ ಕೂತು ಸಾವಕಾಶವಾಗಿ ಕರಗುತ್ತದೆ, ಅದಕ್ಕೇ ಹಾಗೆ ಎನ್ನುವವರು ಇನ್ನು ಕೆಲವರು. ನಮ್ಮ ಕಥೆಯ ಹಡಗಿನ ಅಡುಗೆಯವನು ಎರಡನ್ನೂ ಒಪ್ಪುತ್ತಿರಲಿಲ್ಲ. "ಉಪ್ಪು ಸರಿಯಾಗಿದ್ದಾಗ ಯಾರಾದ್ರೂ ಹೊಗಳಿದ್ದು ಕೇಳಿದೀರಾ? ಇಲ್ಲದೇ ಇದ್ದಾಗ ತಟ್ಟೆ ತಳ್ತೀರಿ. ಕಲ್ಲುಪ್ಪು ಅಂದ್ರೆ ಅಷ್ಟೇ," ಎನ್ನುತ್ತಿದ್ದ.

ಅರ್ಥ ಏನೇ ಇರಲಿ, ಬಳಕೆಗೆ ಮಾತ್ರ ಕಟ್ಟುನಿಟ್ಟಿನ ರೀತಿಯಿತ್ತು. ಆ ಹೆಸರನ್ನು ಯಾರೂ ತಮಗೆ ತಾವೇ ಇಟ್ಟುಕೊಳ್ಳುವಂತಿಲ್ಲ. ಮಾಮೂಲಿ ದಿನಗಳಲ್ಲಿ ಎದುರಿಗೆ ಕರೆಯುವಂತಿಲ್ಲ, ಬೆನ್ನ ಹಿಂದೆ ಹೇಳಬೇಕು. ಎದುರಿಗೆ ಬಾಯಿಬಿಟ್ಟು ಹೇಳುವುದು ಒಂದೇ ಒಂದು ಸಂದರ್ಭದಲ್ಲಿ: ಡೆಕ್ಕಿನ ಮೇಲೆ ಏನಾದರೂ ಕೈಮೀರಿದಾಗ. ಆಗ ಯಾರಾದರೊಬ್ಬರು "ಕಲ್ಲುಪ್ಪು ಹೇಳ್ತಿದಾರೆ" ಎಂದು ಕೂಗಿದರೆ ಮುಗಿಯಿತು. ಉಳಿದ ಬಾಯಿಗಳೆಲ್ಲ ಮುಚ್ಚಬೇಕು. ಕ್ಯಾಪ್ಟನ್ ಮೇಲಿನಿಂದ ಬೇರೆ ಏನನ್ನಾದರೂ ಹೇಳುತ್ತಿದ್ದರೂ ಕೈಗಳು ಕಲ್ಲುಪ್ಪಿನ ಮಾತನ್ನೇ ಕೇಳುತ್ತಿದ್ದವು. ಇದು ಯಾವ ನಿಯಮಪುಸ್ತಕದಲ್ಲೂ ಇರಲಿಲ್ಲ. ನಿಯಮಪುಸ್ತಕ ಓದಿದವರು ಆ ಬಂದರಿನಲ್ಲಿ ಕಡಿಮೆ.

ಹಡಗು ಅಂಥ ದೊಡ್ಡದೇನಲ್ಲ. ದಡದ ಊರಿಗೂ ಎದುರಿನ ದ್ವೀಪಕ್ಕೂ ನಡುವೆ ದಿನಕ್ಕೆ ಎರಡು ಸಲ ಓಡಾಡುವ ಫೆರ್ರಿ. ಎರಡೂವರೆ ಗಂಟೆಯ ದಾರಿ. ಕೆಳಗಡೆ ಲಾರಿಗಳು, ಗ್ಯಾಸ್ ಸಿಲಿಂಡರು, ಸಿಮೆಂಟು ಚೀಲ. ಮೇಲೆ ಇನ್ನೂರು ಜನ ಕೂರುವ ಹಾಲು, ಅದರ ಗಾಜಿನ ಕಿಟಕಿಗಳ ಮೇಲೆ ಒರಗಿ ನಿದ್ದೆಹೋದವರ ತಲೆಯೆಣ್ಣೆಯ ಗುರುತು. ಕೆಲಸದವರು ಒಂಬತ್ತು ಮಂದಿ. ಅದರಲ್ಲಿ ಡೆಕ್ಕಿನ ಮೇಲೆ ಹಗ್ಗ, ಲಂಗರು, ಲಾರಿಗಳ ಸರಪಳಿ ಎಲ್ಲವನ್ನೂ ನೋಡಿಕೊಳ್ಳುವವನು ಮೇಸ್ತ್ರಿ. ಐವತ್ತಾರು ವರ್ಷ ವಯಸ್ಸು, ಇಪ್ಪತ್ತೊಂಬತ್ತು ವರ್ಷ ಸರ್ವೀಸು. ಹತ್ತೊಂಬತ್ತು ವರ್ಷದಿಂದ ಅವನು ಕಲ್ಲುಪ್ಪು.

ಹೆಸರು ಬಿದ್ದದ್ದು ಹೀಗೆ. ಒಂದು ದಿನ ಸಮುದ್ರ ಕೆಟ್ಟಿತ್ತು. ಕೆಳಗೆ ಸಿಲಿಂಡರು ತುಂಬಿದ ಲಾರಿಯ ಸರಪಳಿ ಕಿತ್ತುಹೋಗಿ ಲಾರಿ ಹಿಂದೆಮುಂದೆ ಉರುಳತೊಡಗಿತು. ಎಲ್ಲರೂ ಏಣಿಯ ಕಡೆಗೆ ಓಡಿದರೆ ಆಗಿನ್ನೂ ಬರೀ ಡೆಕ್ಕಿನ ಕೆಲಸದವನಾಗಿದ್ದ ಮೇಸ್ತ್ರಿ ಅಲ್ಲೇ ನಿಂತು, ಲಾರಿ ಯಾವ ಅಲೆಗೆ ಎತ್ತ ಹೊರಳುತ್ತದೆಂದು ಮೂರು ಸಲ ನೋಡಿ, ನಾಲ್ಕನೆಯ ಸಲಕ್ಕೆ ಸಿಮೆಂಟು ಚೀಲಗಳನ್ನು ಚಕ್ರಕ್ಕೆ ಅಡ್ಡ ಎಸೆಯಿರಿ ಎಂದ. ಯಾರೂ ಅಲುಗಲಿಲ್ಲ. ಆಗ ಏಣಿಯ ಮೇಲಿದ್ದ ಹಳೆಯ ಮೇಸ್ತ್ರಿ, "ಕಲ್ಲುಪ್ಪು ಹೇಳಿದ್ದು ಕೇಳಿಸಲಿಲ್ವಾ?" ಎಂದು ಗದರಿದರು. ಅಲ್ಲಿಯವರೆಗೆ ಆ ಹಡಗಿನಲ್ಲಿ ಆ ಹೆಸರು ಇದ್ದದ್ದು ಗದರಿದ ಅವರಿಗೇ. ಚೀಲಗಳು ಬಿದ್ದವು, ಲಾರಿ ನಿಂತಿತು. ಮರುದಿನದಿಂದ ಹಳೆಯವರನ್ನು ಯಾರೂ ಹಾಗೆ ಕರೆಯಲಿಲ್ಲ. ಅವರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮೇಸ್ತ್ರಿಗೆ ಕಾಯಿಲೆ ಶುರುವಾದದ್ದು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗ. ಎಡಗಿವಿಗೆ ಹತ್ತಿ ತುರುಕಿದಂತಾಯಿತು. ಆಮೇಲೆ ದೂರದಲ್ಲೆಲ್ಲೋ ಕುಕ್ಕರು ಕೂಗುವಂಥ ಸಣ್ಣ ಶಬ್ದ. ಮೂರನೆಯ ದಿನ ಡೆಕ್ಕಿನ ಮೇಲೆ ನಿಂತಿದ್ದಾಗ ಇಡೀ ಸಮುದ್ರ ಎಡಕ್ಕೆ ವಾಲಿ ತಿರುಗಿತು. ಕಂಬಿ ಹಿಡಿದು ನಿಂತ. ಅಂದು ಸಮುದ್ರ ಕೊಳದಂತೆ ಮಲಗಿತ್ತು. ಪ್ರಯಾಣಿಕರ ಹಾಲಿನಲ್ಲಿ ಮುದುಕಿಯೊಬ್ಬಳು ನಿಶ್ಚಿಂತೆಯಿಂದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೇಸ್ತ್ರಿ ಅವಳನ್ನು ದಾಟಿ, ಮೆಟ್ಟಿಲಿಳಿದು, ಅಡುಗೆಮನೆಯ ಉಗ್ರಾಣಕ್ಕೆ ಹೋಗಿ, ಈರುಳ್ಳಿ ಚೀಲಗಳ ಹಿಂದೆ ಬಕೆಟ್ಟಿಗೆ ವಾಂತಿ ಮಾಡಿದ.

ಅಡುಗೆಯವನು ಈರುಳ್ಳಿಗೆಂದು ಬಂದವನು ನೋಡಿದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಏನು ತಿಂದೆ?" ಎಂದ ಅಡುಗೆಯವನು.

"ನೀನು ಹಾಕಿದ್ದೇ."

"ನಾನು ಹಾಕಿದ್ದನ್ನ ಎಂಟು ಜನ ತಿಂದಿದಾರೆ. ಎಂಟೂ ಜನ ಗುಂಡುಕಲ್ಲಿನ ಹಾಗಿದಾರೆ."

"ಬಾಗಿಲು ಹಾಕು," ಎಂದ ಮೇಸ್ತ್ರಿ.

ಅಡುಗೆಯವನು ಬಾಗಿಲು ಹಾಕಿದ. ಅಂದಿನಿಂದ ಮೂರು ತಿಂಗಳು ಆ ಬಕೆಟ್ಟನ್ನು ತೊಳೆದವನು ಅವನೇ.

ಮೇಸ್ತ್ರಿ ಬೇರೆ ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಭಯವಲ್ಲ, ದಡದ ಮೇಲೆ ಬೇರೆ ಕೆಲಸ ಕೊಡುತ್ತಾರೆಂದು ಗೊತ್ತಿತ್ತು. ಮುಂದಿನ ವಾರ ಸರಿಹೋಗುತ್ತದೆ ಎಂದುಕೊಂಡ. ಸರಿಹೋಗುತ್ತಲೂ ಇತ್ತು. ನಾಲ್ಕು ದಿನ ಏನೂ ಇಲ್ಲ, ಐದನೆಯ ದಿನ ಮತ್ತೆ ತಲೆ ಗಿರ್ರೆನ್ನುವುದು. ಬಂದಾಗ ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟು ಹೊತ್ತು ಕಂಬಿ ಹಿಡಿದು, ಸಮುದ್ರ ಆಕಾಶ ಕೂಡುವ ದೂರದ ಗೆರೆ ನೋಡುತ್ತ, ಏನೋ ಗಹನವಾದುದನ್ನು ಯೋಚಿಸುವವನಂತೆ ನಿಲ್ಲುತ್ತಿದ್ದ. ಕೆಲಸದವರು ಅವನು ಗಾಳಿಯ ದಿಕ್ಕು ಅಳೆಯುತ್ತಿದ್ದಾನೆಂದು ತಿಳಿದು ಮಾತಾಡಿಸುತ್ತಿರಲಿಲ್ಲ.

ಹೆಂಡತಿಗೆ ಮಾತ್ರ ಅನುಮಾನ ಬಂತು. ಅವಳು ಕಬ್ಬಿಣದ ಅಂಗಡಿಯ ಮಹಡಿಯ ಮೇಲೆ ಟಾರ್ಪಾಲು, ಲೈಫ್‌ಜಾಕೆಟ್ಟಿನ ಪಟ್ಟಿ ಹೊಲಿಯುವ ಕೆಲಸದವಳು. ಒಂದು ಗೆರೆ ನೇರವಾಗಿದೆಯೋ ಸೊಟ್ಟಗಿದೆಯೋ ಎಂಬುದು ದೂರದಿಂದಲೇ ಅವಳಿಗೆ ತಿಳಿಯುತ್ತಿತ್ತು. ಗಂಡ ಬಚ್ಚಲಿಗೆ ಹೋಗುವಾಗ ಗೋಡೆಗೆ ಕೈಯಾನಿಸಿ ಹೋಗುವುದನ್ನು ಎರಡು ವಾರ ನೋಡಿದಳು.

"ಏನ್ರೀ, ಮನೇನೂ ಅಲುಗಾಡ್ತಿದೆಯಾ?"

"ಮೊಣಕಾಲು."

"ಮೊಣಕಾಲು ನೋವಿಗೆ ಕಿವಿ ಉಜ್ಜಿಕೊಳ್ಳೋರನ್ನ ನಾನು ಇವತ್ತೇ ನೋಡಿದ್ದು. ಡಾಕ್ಟರ ಹತ್ರ ಹೋಗೋಣ ನಡೀರಿ."

"ಹೋಗೋಣ," ಎಂದ. ಹೋಗಲಿಲ್ಲ.

ಮೇಸ್ತ್ರಿಯ ಕೈಕೆಳಗೆ ಡೆಕ್ಕಿನ ಮೇಲೆ ಮೂವರು. ಅವರಲ್ಲಿ ಹಗ್ಗದ ಕೆಲಸದಲ್ಲಿ ಎತ್ತಿದ ಕೈ ಒಬ್ಬ ಹೆಂಗಸಿನದು. ವಯಸ್ಸು ಮೂವತ್ತೆಂಟು. ಮೊದಲು ಬಲೆ ಹೆಣೆಯುವ ಕಾರ್ಖಾನೆಯಲ್ಲಿದ್ದಳು. ಅದಕ್ಕೇ ಎಲ್ಲರಿಗೂ, ಅವಳಿಗಿಂತ ದೊಡ್ಡವರಿಗೂ, ಅವಳು ಬಲೆಯಕ್ಕ. ಮೇಸ್ತ್ರಿಗೆ ಮಾತ್ರ ತಂಗಿ. ಹನ್ನೊಂದು ವರ್ಷ ಅವನ ಪಕ್ಕದಲ್ಲೇ ನಿಂತು ಹಗ್ಗ ಹಿಡಿದವಳು. ಇನ್ನಿಬ್ಬರಲ್ಲಿ ಒಬ್ಬನನ್ನು ಉದ್ದನೆಯವನು ಎನ್ನುತ್ತಿದ್ದರು. ಹೆಸರೇ ಹೇಳುವಂತೆ ಬಾಗಿಲಿಗೆಲ್ಲ ತಲೆ ಹೊಡೆಸಿಕೊಳ್ಳುವವನು. ಮತ್ತೊಬ್ಬನಿಗೆ ಇನ್ನೂ ಪುಡಿಯುಪ್ಪು ಎಂಬ ಹೆಸರು ಪೂರಾ ಬಿಟ್ಟಿರಲಿಲ್ಲ.

ಅದು ನಡೆದದ್ದು ಒಂದು ಮಧ್ಯಾಹ್ನ, ದ್ವೀಪದ ಜೆಟ್ಟಿಯಲ್ಲಿ. ಅಡ್ಡ ಅಲೆಯಿತ್ತು. ಅಂಥ ದಿನ ಹಡಗು ಜೆಟ್ಟಿಗೆ ಹತ್ತಿರ ಬಂದು ಮತ್ತೆ ದೂರ ಸರಿಯುತ್ತದೆ. ಅದು ಹತ್ತಿರ ಬಂದಾಗ ಹಗ್ಗ ಸಡಿಲವಾಗುತ್ತದೆ. ಆಗ ಡೆಕ್ಕಿನ ಮೇಲಿನ ಕಬ್ಬಿಣದ ಗೂಟಕ್ಕೆ ಇನ್ನೊಂದು ಸುತ್ತು ಹಾಕಿ ಬಿಗಿ ಮಾಡಬೇಕು. ದೂರ ಸರಿಯುವಾಗ ಹಗ್ಗ ಸೆಟೆಯುತ್ತದೆ. ಆಗ ಬಿಡಬೇಕು, ಕೈ ಹತ್ತಿರ ತರಬಾರದು. ಕೆಲಸವೆಂದರೆ ಇಷ್ಟೇ. ಯಾವಾಗ ಯಾವುದು ಎಂದು ನೋಡಿ ಹೇಳುವುದು ಮೇಸ್ತ್ರಿಯ ಪಾಲಿನದು.

ಜೆಟ್ಟಿಯವರು ಹಗ್ಗದ ಕುಣಿಕೆಯನ್ನು ತಮ್ಮ ಗೂಟಕ್ಕೆ ಹಾಕಿದರು. ಮೇಸ್ತ್ರಿ ಕೈಯೆತ್ತಿ ನಿಂತ. ಆ ಹೊತ್ತಿಗೆ ಸರಿಯಾಗಿ ಕಿವಿಯಲ್ಲಿ ಶಿಳ್ಳೆ ಕೇಳಿತು. ಜೆಟ್ಟಿ, ಜೆಟ್ಟಿಯ ಮೇಲಿನ ಜನ, ಅವರ ಹಿಂದಿನ ಗೋದಾಮು ಎಲ್ಲವೂ ಒಟ್ಟಿಗೆ ಅವನತ್ತ ನುಗ್ಗಿ ಬಂದವು. ಹಡಗು ಹತ್ತಿರ ಹೋಗುತ್ತಿದೆ ಎಂದುಕೊಂಡ.

"ಸುತ್ತು ಹಾಕು!" ಎಂದ.

ಬಲೆಯಕ್ಕ ಹಗ್ಗದ ತುದಿ ಹಿಡಿದವಳು ಒಂದು ಕ್ಷಣ ನಿಂತಳು. "ಅಣ್ಣಾ, ಹೊರಗೆ ಹೋಗ್ತಿದೆ!"

"ಸುತ್ತು! ಬಿಗಿ ಮಾಡು!"

ಮೇಲಿನಿಂದ ಕ್ಯಾಪ್ಟನ್ನಿನ ದನಿ ಸ್ಪೀಕರಿನಲ್ಲಿ ಕರಕರ ಎಂದಿತು: "ಬಿಡಿ, ಹಗ್ಗ ಬಿಡಿ!" ಎರಡು ಮಾತು ಎರಡು ಕಡೆಯಿಂದ ಬಂದಾಗ ಉದ್ದನೆಯವನು ಹಿಂದಿನಿಂದ ಕೂಗಿದ: "ಕಲ್ಲುಪ್ಪು ಹೇಳ್ತಿದಾರೆ, ಹಾಕು!"

ಅವಳು ಹಾಕಿದಳು. ಹಗ್ಗ ಸೆಟೆಯಿತು. ಹಗ್ಗಕ್ಕೂ ಗೂಟಕ್ಕೂ ನಡುವೆ ಬಲಗೈಯ ಕೊನೆಯ ಎರಡು ಬೆರಳು ಸಿಕ್ಕವು.

ಅವಳು ಕೂಗಲಿಲ್ಲ. "ಅಯ್ಯೋ, ನನ್ನ ಕೈ," ಎಂದು ಮೆತ್ತಗೆ, ಬೇರೆ ಯಾರದೋ ಕೈ ಎಂಬಂತೆ ಹೇಳಿದಳು. ಅಲೆ ಹಡಗನ್ನು ವಾಪಸು ತಂದಾಗ ಹಗ್ಗ ತಾನಾಗಿ ಸಡಿಲವಾಯಿತು. ಅಡುಗೆಯವನು ಮಂಜುಗಡ್ಡೆ ತಂದ. ದ್ವೀಪದ ಚಿಕ್ಕ ಆಸ್ಪತ್ರೆಯಲ್ಲಿ ಒಂದು ಬೆರಳನ್ನು ಪೂರ್ತಿ, ಇನ್ನೊಂದನ್ನು ಅರ್ಧ ತೆಗೆದರು.

ಮುಂದಿನ ಹದಿನೈದು ದಿನ ಯಾರೂ ಮೇಸ್ತ್ರಿಯನ್ನು ಒಂದು ಮಾತೂ ಕೇಳಲಿಲ್ಲ. ಕ್ಯಾಪ್ಟನ್ ವರದಿಯಲ್ಲಿ 'ಅನಿರೀಕ್ಷಿತ ಅಲೆ' ಎಂದು ಬರೆದ. ಸಮುದ್ರ ಅಂದಮೇಲೆ ಬೆರಳು ಹೋಗುವುದು ಇದ್ದದ್ದೇ ಎಂದರು ಬಂದರಿನ ಹಳಬರು. ತಮ್ಮ ತಮ್ಮ ಗಾಯಗಳನ್ನು ತೋರಿಸಿಯೂ ತೋರಿಸಿದರು. ಊಟದ ಮೇಜಿನಲ್ಲಿ ಉದ್ದನೆಯವನು, "ಅಕ್ಕ ಕೈ ಇಟ್ಟ ಜಾಗವೇ ತಪ್ಪು. ಅನುಮಾನ ಮಾಡ್ಕೊಂಡು ನಿಂತಳು ನೋಡಿ, ಆ ಒಂದು ಕ್ಷಣವೇ ಮುಳುವಾಯ್ತು. ಹೇಳಿದ ತಕ್ಷಣ ಹಾಕಿದ್ರೆ ಏನೂ ಆಗ್ತಿರಲಿಲ್ಲ," ಎಂದ. ಎಲ್ಲರೂ ತಲೆಯಾಡಿಸಿದರು. ಕಲ್ಲುಪ್ಪು ತಪ್ಪು ಹೇಳಿರಬಹುದು ಎಂಬ ಯೋಚನೆ ಆ ಮೇಜಿನ ಸುತ್ತ ಕೂತ ಯಾರ ತಲೆಗೂ ಬರಲಿಲ್ಲ. ಬಂದದ್ದು ಇಬ್ಬರಿಗೆ. ಒಬ್ಬ ಬಡಿಸುತ್ತಿದ್ದ, ಇನ್ನೊಬ್ಬ ತಟ್ಟೆ ನೋಡುತ್ತಿದ್ದ.

ಊಟ ಮುಗಿದ ಮೇಲೆ ಅಡುಗೆಯವನು ಪಾತ್ರೆ ತಿಕ್ಕುತ್ತ, ತಿರುಗಿ ನೋಡದೆ ಹೇಳಿದ: "ನಾನು ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀನಿ, ಬಿಡಲ್ಲ. ಆದ್ರೆ ಒಂದು ಹೇಳ್ತೀನಿ, ಕೇಳು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ್ದು ಯಾವುದೂ ನನಗೆ ಅಜೀರ್ಣ ಆಗಿರಲಿಲ್ಲ. ಇದು ಆಗ್ತಿದೆ."

ಮೇಸ್ತ್ರಿ ಆ ಭಾನುವಾರ ಬಲೆಯಕ್ಕನ ಮನೆಗೆ ಹೋದ. ಬಂದರಿನ ಹಿಂದಿನ ಬೀದಿಯಲ್ಲಿ ಎರಡನೆಯ ಮಹಡಿ. ಬಾಗಿಲು ತೆಗೆದವಳು ಅವಳ ಅತ್ತೆ. ಮಡಿಲಲ್ಲಿ ಬಟಾಣಿ ತುಂಬಿಕೊಂಡು ಹಾಗೇ ಎದ್ದು ಬಂದಿದ್ದಳು.

"ಕಲ್ಲುಪ್ಪು ಬಂದಿದಾರೆ ಕಣೇ," ಎಂದು ಒಳಗೆ ಕೂಗಿ, ಮೇಸ್ತ್ರಿಯ ಮುಖ ನೋಡಿ, "ನಮಗೇನು ಗೊತ್ತಪ್ಪಾ ನಿಮ್ಮ ಹಡಗಿನ ಪದ್ಧತಿ. ನಾವು ಎದುರಿಗೇ ಹೇಳ್ತೀವಿ," ಎಂದಳು.

ಬಲೆಯಕ್ಕ ಕಿಟಕಿಯ ಬಳಿ ಕೂತಿದ್ದಳು. ಕೈಗೆ ದಪ್ಪನೆಯ ಬ್ಯಾಂಡೇಜು. ಎಡಗೈಯಲ್ಲಿ ಹಗ್ಗದ ತುಂಡೊಂದನ್ನು ಹಿಡಿದು ಗಂಟು ಹಾಕಲು ನೋಡುತ್ತಿದ್ದಳು. ಅರ್ಧ ಹಾಕಿದ ಗಂಟು ಬಿಚ್ಚಿಕೊಂಡಿತು.

"ಕೂತ್ಕೊಳ್ಳಿ ಅಣ್ಣಾ."

ಮೇಸ್ತ್ರಿ ಕೂರಲಿಲ್ಲ. ನಿಂತೇ ಹೇಳಿದ. ಕಿವಿಯ ಶಬ್ದ, ಸಮುದ್ರ ತಿರುಗುವುದು, ಈರುಳ್ಳಿ ಚೀಲ, ಬಕೆಟ್ಟು. ಅಂದು ಜೆಟ್ಟಿ ತನ್ನತ್ತ ಬರುತ್ತಿರುವಂತೆ ಕಂಡದ್ದು. ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರು ತಿಂಗಳು ಮುಚ್ಚಿಟ್ಟ ವಿಷಯ ಇಷ್ಟೇ ಇಷ್ಟು ಎಂದು ಅವನಿಗೇ ಆಶ್ಚರ್ಯವಾಯಿತು.

ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದ್ದಳು.

"ಮೂರು ತಿಂಗಳಿಂದಾನಾ?" ಎಂದಳು ಬಲೆಯಕ್ಕ.

"ಮೇಲೊಂದು ವಾರ."

ಅವಳು ಹಗ್ಗದ ತುಂಡನ್ನು ಪಕ್ಕಕ್ಕಿಟ್ಟು ಕಿಟಕಿಯ ಹೊರಗೆ ನೋಡಿದಳು. ಎದುರಿನ ಮನೆಯ ಬಾಲ್ಕನಿಯಲ್ಲಿ ಯಾರದೋ ಅಂಗಿಗಳು ಒಣಗುತ್ತಿದ್ದವು.

"ಹಡಗು ಹೊರಗೆ ಹೋಗ್ತಿದ್ದದ್ದು ನನಗೆ ಕಂಡಿತ್ತು ಅಣ್ಣಾ," ಎಂದಳು. "ನಿಚ್ಚಳವಾಗಿ ಕಂಡಿತ್ತು. ಆದ್ರೂ ಕೈ ಹಾಕಿದೆ. ಯಾಕಂದ್ರೆ ನೀವು ಹೇಳಿದ್ರಿ. ಈ ಹದಿನೈದು ದಿನ ಇಲ್ಲಿ ಕೂತ್ಕೊಂಡು ನಾನು ಏನು ಯೋಚನೆ ಮಾಡ್ತಿದ್ದೆ ಗೊತ್ತಾ? ನನ್ನ ಕಣ್ಣೇ ಸರಿ ಇಲ್ಲ ಅಂತ. ಹನ್ನೊಂದು ವರ್ಷ ಹಗ್ಗ ಹಿಡಿದೂ ನನಗೆ ಹಡಗು ಎತ್ತ ಹೋಗ್ತಿದೆ ಅಂತ ತಿಳಿಯಲ್ಲ ಅಂತ. ವಾಪಸು ಕೆಲಸಕ್ಕೆ ಹೋಗೋದೇ ಬೇಡ ಅಂತ ಇವರ ಹತ್ರ ಹೇಳಿದ್ದೆ. ಕೇಳಿ ಬೇಕಾದ್ರೆ."

"ಹೇಳಿದ್ದು ನಿಜ," ಎಂದಳು ಅತ್ತೆ.

"ಬೆರಳು ಹೋಯ್ತು, ಹೋಗ್ಲಿ. ಅದು ನಿಮ್ಮ ಕಿವಿ ಮಾಡಿದ್ದು. ಈ ಹದಿನೈದು ದಿನ ಮಾಡಿದ್ದು ನಿಮ್ಮ ಬಾಯಿ."

ಮೇಸ್ತ್ರಿ ತಲೆ ತಗ್ಗಿಸಿದ. ಕ್ಷಮೆ ಕೇಳಲು ಬಂದಿದ್ದ. ಆ ಮಾತು ಈಗ ತೀರಾ ಸಣ್ಣದೆನಿಸಿತು. ಆದರೂ ಕೇಳಿದ.

"ನನಗೊಬ್ಬಳಿಗೆ ಹೇಳಿ ಏನು ಬಂತು? ಊಟದ ಮೇಜಿನ ಹತ್ರ ಹೇಳಿ. ನನ್ನ ಕೈ ಇಟ್ಟ ಜಾಗ ತಪ್ಪು ಅಂತ ಅಲ್ಲಿ ಮಾತಾಡ್ಕೊಂಡಿದಾರಂತೆ."

"ಹೇಳ್ತೀನಿ."

"ನಾಳೆ."

"ನಾಳೆಯೇ."

ಬಾಗಿಲವರೆಗೆ ಬಂದ ಅತ್ತೆ, "ಮೆಟ್ಟಿಲು ನೋಡ್ಕೊಂಡು ಇಳೀರಿ. ಗೋಡೆ ಹಿಡ್ಕೊಳ್ಳಿ," ಎಂದಳು. ಅದು ಕನಿಕರವೋ ಚುಚ್ಚುಮಾತೋ ಮೇಸ್ತ್ರಿಗೆ ತಿಳಿಯಲಿಲ್ಲ. ಗೋಡೆ ಹಿಡಿದೇ ಇಳಿದ.

ಮರುದಿನ ಹಡಗು ದ್ವೀಪದಲ್ಲಿ ನಿಂತಿದ್ದಾಗ, ಎಲ್ಲರೂ ಊಟಕ್ಕೆ ಕೂತ ಮೇಲೆ ಹೇಳಿದ. ಕ್ಯಾಪ್ಟನ್ನನ್ನೂ ಮೇಲಿನಿಂದ ಕರೆಸಿದ್ದ. ಮೇಸ್ತ್ರಿ "ನನಗೆ ವಾಂತಿ ಆಗುತ್ತೆ" ಎಂದಾಗ ಉದ್ದನೆಯವನು ತಮಾಷೆಯೆಂದುಕೊಂಡು ಗಹಗಹಿಸಿ ನಕ್ಕ. ಯಾರೂ ಜೊತೆಗೂಡದ್ದರಿಂದ ನಗು ಅರ್ಧಕ್ಕೇ ನಿಂತಿತು. ಮೇಸ್ತ್ರಿ ಮುಂದುವರಿಸಿದ. "ಅವತ್ತು ನಾನು ಹೇಳಿದ್ದು ತಪ್ಪು. ತಂಗಿ ನೋಡಿದ್ದು ಸರಿ. ಕ್ಯಾಪ್ಟನ್ ಹೇಳಿದ್ದೂ ಸರಿ. ಅವಳು ಅನುಮಾನ ಮಾಡಿದ್ದಕ್ಕೆ ಬೆರಳು ಹೋಗಲಿಲ್ಲ. ಅನುಮಾನ ಬಿಟ್ಟು ನನ್ನ ಮಾತು ಕೇಳಿದ್ದಕ್ಕೆ ಹೋಯ್ತು."

"ಅದು ಹೇಗೆ," ಎಂದ ಉದ್ದನೆಯವನು. ಮುಖ ಕಪ್ಪಿಟ್ಟಿತ್ತು. "ಕೂಗಿದವನು ನಾನು."

"ನೀನು ಹೆಸರು ನಂಬಿ ಕೂಗಿದೆ. ಹೆಸರಿಗೆ ತಕ್ಕ ಹಾಗೆ ನಾನಿರಲಿಲ್ಲ."

ಉದ್ದನೆಯವನು ಎದ್ದು ಹೊರಗೆ ಹೋದ. ಬಾಗಿಲಿಗೆ ತಲೆ ಹೊಡೆಸಿಕೊಂಡ ಸದ್ದು ಕೇಳಿತು. ಯಾರೂ ನಗಲಿಲ್ಲ.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ವರದಿ ಕಳಿಸಿ ಆಗಿದೆಯಲ್ಲ ಮೇಸ್ತ್ರಿ. ಅಲೆ ಅಂತ ಬರೆದಿದೀನಿ. ಅಲೆ ಇದ್ದದ್ದೂ ಸುಳ್ಳಲ್ಲ."

"ಅಲೆ ದಿನಾ ಇರುತ್ತೆ ಸಾರ್. ತಿದ್ದಿ ಬರೀರಿ."

"ಬರೆದ್ರೆ ನೀವು ಡೆಕ್ ಬಿಡಬೇಕಾಗುತ್ತೆ."

"ನಾನು ನಿನ್ನೆಯೇ ಬಿಟ್ಟೆ ಸಾರ್. ಇವತ್ತು ಬಂದಿದ್ದು ಹೇಳಿಹೋಗೋಕೆ."

ವರದಿಯನ್ನು ತಿದ್ದಿ ಬರೆಯಲು ಕ್ಯಾಪ್ಟನ್ನಿಗೆ ಎರಡು ದಿನ ಹಿಡಿಯಿತು. ಬರೆದ. ಅಂದು ವಾಪಸು ಬರುವಾಗ ಹಗ್ಗದ ಬಳಿ ಉದ್ದನೆಯವನು ನಿಂತ. ಮೇಸ್ತ್ರಿ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಸುಲಿದ. ಅಡುಗೆಯವನು ಬಹಳ ದಿನದ ಮೇಲೆ ಶಿಳ್ಳೆ ಹಾಕಿದ.

ಕಿವಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಚುರುಕು. ಕುರ್ಚಿಯಲ್ಲಿ ಕೂರಿಸಿ ತಲೆಯನ್ನು ಅತ್ತಿತ್ತ ತಿರುಗಿಸಿ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು. ಒಳಗಿವಿಯಲ್ಲಿ ನೀರಿನ ಒತ್ತಡ ಹೆಚ್ಚಾಗಿದೆ, ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಹತೋಟಿಯಲ್ಲಿಡಬಹುದು ಎಂದಳು. ಮಾತ್ರೆ ಬರೆದಳು. ಕೊನೆಯಲ್ಲಿ ಪೆನ್ನಿನ ಕ್ಯಾಪು ಹಾಕುತ್ತ, "ಮುಖ್ಯವಾಗಿ ಉಪ್ಪು ಕಡಿಮೆ ಮಾಡಿ," ಎಂದಳು. "ಉಪ್ಪೇ ನಿಮ್ಮ ಶತ್ರು."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಡಾಕ್ಟರು ಏನಾಯಿತೆಂದು ನೋಡಿದಳು. ಮೇಸ್ತ್ರಿ, "ಏನಿಲ್ಲ ಡಾಕ್ಟ್ರೇ, ಅವಳಿಗೆ ಆಗಾಗ ಹೀಗಾಗುತ್ತೆ," ಎಂದ. ಮೆಟ್ಟಿಲಿಳಿಯುವಾಗ ಅವನಿಗೂ ನಗು ಬಂತು. ಇಬ್ಬರೂ ಆಸ್ಪತ್ರೆಯ ಗೇಟಿನ ಬಳಿ ಕಣ್ಣೊರೆಸಿಕೊಂಡು ನಿಂತರು. ಅದರಲ್ಲಿ ನಗುವೆಷ್ಟು, ಉಳಿದದ್ದೆಷ್ಟು ಎಂದು ಇಬ್ಬರೂ ವಿಚಾರಿಸಲಿಲ್ಲ.

ಕಚೇರಿಯವರು ಮೇಸ್ತ್ರಿಯನ್ನು ಹಗ್ಗದ ಶೆಡ್ಡಿಗೆ ಹಾಕಿದರು. ಹಳೆಯ ಹಗ್ಗ ಪರೀಕ್ಷಿಸುವುದು, ಎಳೆ ಬಿಚ್ಚಿ ಹೆಣೆದು ಜೋಡಿಸುವುದು, ಸವೆದದ್ದನ್ನು ಕತ್ತರಿಸಿ ಎಸೆಯುವುದು. ನೆಲ ಗಟ್ಟಿ ಸಿಮೆಂಟಿನದು. ತಲೆ ತಿರುಗಿದರೆ ಸುರುಳಿ ಸುತ್ತಿಟ್ಟ ಹಗ್ಗದ ರಾಶಿಯ ಮೇಲೆ ಕೂತು, ತಿರುಗುವುದು ನಿಂತ ಮೇಲೆ ಏಳಬಹುದು. ಬೇರೆ ಹಡಗಿನವರು ಬಂದಾಗ ಅವನ ಬೆನ್ನ ಹಿಂದೆ ಹಳೆಯ ಹೆಸರನ್ನೇ ಹೇಳುತ್ತಿದ್ದರು. ಒಂದು ದಿನ ಅವನು ತಿರುಗಿ ನಿಂತು, "ಆ ಹೆಸರಿನವರು ಇಲ್ಲಿ ಇಲ್ಲ. ಹಗ್ಗ ಬೇಕಾದ್ರೆ ಹೇಳಿ," ಎಂದ. ಅದನ್ನೂ ಜನ ದೊಡ್ಡತನವೆಂದುಕೊಂಡರು. ಹೆಸರು ಬೀಳುವುದು ಸುಲಭವಲ್ಲ ನಿಜ, ಕಳಚಿಕೊಳ್ಳುವುದು ಇನ್ನೂ ಕಷ್ಟ.

ಎರಡೂವರೆ ತಿಂಗಳ ಮೇಲೆ ಬಲೆಯಕ್ಕ ಕೆಲಸಕ್ಕೆ ವಾಪಸಾದಳು. ಅದಕ್ಕೆ ಒಂದು ವಾರ ಮುಂಚೆ ಮೇಸ್ತ್ರಿಯ ಹೆಂಡತಿ ಅವಳ ಮನೆಗೆ ಟೇಪು ತೆಗೆದುಕೊಂಡು ಹೋಗಿ ಕೈಯ ಅಳತೆ ತೆಗೆದಿದ್ದಳು. ಅಂಗೈಗೆ ಚರ್ಮ, ಹಿಂಬದಿಗೆ ಕ್ಯಾನ್ವಾಸು ಹಾಕಿ, ಒಂದೂವರೆ ಬೆರಳಿನ ಜಾಗ ಮುಚ್ಚಿ ಹೊಲಿದ ಗ್ಲೌಸು. ಹಗ್ಗಕ್ಕೆ ಸಿಕ್ಕಿಹಾಕಿಕೊಳ್ಳುವಂಥ ಒಂದು ಚೂರು ಬಟ್ಟೆಯೂ ಹೊರಗಿರಲಿಲ್ಲ. ಅತ್ತೆ ಗ್ಲೌಸನ್ನು ಒಳಹೊರಗು ಮಾಡಿ ನೋಡಿ, "ಹೊಲಿಗೆ ಚೆನ್ನಾಗಿದೆ. ನಿಮ್ಮವರಿಗಿಂತ ನೀವು ವಾಸಿ," ಎಂದಳಂತೆ.

ಡೆಕ್ಕಿನ ಮೇಲೆ ಮೇಸ್ತ್ರಿಯ ಜಾಗಕ್ಕೆ ಈಗ ಅವಳೇ. ಮೊದಲ ವಾರವೇ ಗಾಳಿ ಎದ್ದ ಒಂದು ಬೆಳಗ್ಗೆ ಜೆಟ್ಟಿಯ ಬಳಿ ಗಲಿಬಿಲಿಯಾಯಿತು. ಉದ್ದನೆಯವನ ಮನಸ್ಸಿನಲ್ಲಿ ಏನಿತ್ತೋ, ಬಹುಶಃ ಸಾಲ ತೀರಿಸುವ ಆಸೆ, "ಕಲ್ಲುಪ್ಪು ಹೇಳ್ತಿದಾರೆ" ಎಂದು ಅವಳತ್ತ ಕೈಮಾಡಿ ಕೂಗಿದ. ಹಗ್ಗ ಕಟ್ಟಿ ಮುಗಿಯುವವರೆಗೆ ಅವಳು ಸುಮ್ಮನಿದ್ದಳು. ಆಮೇಲೆ ಇಬ್ಬರನ್ನೂ ನಿಲ್ಲಿಸಿಕೊಂಡಳು.

"ಇನ್ನೊಂದು ಸಲ ಆ ಹೆಸರು ಕೇಳಿದ್ರೆ ಹಗ್ಗ ಅಲ್ಲೇ ಬಿಟ್ಟು ಒಳಗೆ ಹೋಗ್ತೀನಿ. ತಮಾಷೆಗೆ ಹೇಳ್ತಿಲ್ಲ."

"ಗೌರವಕ್ಕೆ ಕರೆದಿದ್ದು ಅಕ್ಕಾ," ಎಂದ ಉದ್ದನೆಯವನು.

"ಗೌರವ ನಿನ್ನ ಮನೇಲಿಟ್ಕೋ. ಇಲ್ಲಿ ಯಾರಿಗೆ ಏನು ಕಾಣುತ್ತೋ ಅದನ್ನ ಬಾಯಿಬಿಟ್ಟು ಹೇಳಿ. ಹಗ್ಗ ಸೆಟೆಯೋದು ಕಂಡ್ರೆ 'ಸೆಟೀತು' ಅನ್ನಿ. ನೀವು ಪುಡಿಯುಪ್ಪಾದ್ರೂ ಸರಿ, ನಾನು ಬೇರೆ ಹೇಳ್ತಿದ್ರೂ ಸರಿ. ಯಾರಾದ್ರೂ ಒಬ್ಬರು ಸೆಟೀತು ಅಂದ್ರೆ ಎಲ್ಲರ ಕೈಯೂ ಹಗ್ಗದಿಂದ ಆಚೆ. ಆಮೇಲೆ ಜಗಳ."

"ಎಲ್ಲರೂ ಕೂಗಿದ್ರೆ ಸಂತೆ ಆಗುತ್ತಲ್ಲ," ಎಂದ ಅಡುಗೆಯವನು, ಕೇಳದಿದ್ದರೂ ಬಾಗಿಲಿಂದ ಇಣುಕಿ.

"ಆಗ್ಲಿ. ಸಂತೇಲಿ ಯಾರ ಬೆರಳೂ ಹೋಗಲ್ಲ."

ಬೇರೆ ಹಡಗುಗಳಲ್ಲಿ ಹೆಸರು ಮೊದಲಿನಂತೆಯೇ ನಡೆಯಿತು. ಆ ಒಂದು ಫೆರ್ರಿಯಲ್ಲಿ ಮಾತ್ರ ನಿಂತುಹೋಯಿತು. ಬಂದರಿನ ಹಳಬರು ಅದನ್ನು ಸಂತೆ ಹಡಗು ಎಂದು ಕರೆದು ನಕ್ಕರು.

ವರ್ಷ ಕಳೆಯಿತು. ಮೇಸ್ತ್ರಿಯ ಹೆಂಡತಿಯ ಅಕ್ಕ ದ್ವೀಪದಲ್ಲಿದ್ದಳು. ಅವಳ ಕಾಲು ಮುರಿದಿದ್ದರಿಂದ, ನೋಡಿಕೊಂಡು ಬರಲು ಗಂಡಹೆಂಡತಿ ಹೊರಟರು. ಇಪ್ಪತ್ತೊಂಬತ್ತು ವರ್ಷ ಅದೇ ಹಡಗಿನಲ್ಲಿ ಓಡಾಡಿದ ಮೇಸ್ತ್ರಿ ಮೇಲಿನ ಹಾಲಿನಲ್ಲಿ ಒಂದು ಸಲವೂ ಕೂತಿರಲಿಲ್ಲ. ಕುರ್ಚಿಗಳು ಇಷ್ಟು ಇಕ್ಕಟ್ಟೆಂದು ಗೊತ್ತಿರಲಿಲ್ಲ. ಮುಂದಿನ ಕಿಟಕಿಯ ಪಕ್ಕ ಕೂತ. ಮಾತ್ರೆ ನುಂಗಿದ್ದ. ಅರ್ಧ ದಾರಿಯವರೆಗೆ ಏನೂ ಆಗಲಿಲ್ಲ. ಆಮೇಲೆ ಹೆಂಡತಿ ಕಾಗದದ ಚೀಲ ಬಿಡಿಸಿ ಹಿಡಿದಳು. ಎದುರಿಗೆ ಕೂತ ಹೆಂಗಸು ಕನಿಕರದಿಂದ, "ಮೊದಲ ಸಲಾನಾ?" ಎಂದು ಕೇಳಿದಳು. "ಹೌದು, ಇಲ್ಲಿ ಕೂತಿದ್ದು ಮೊದಲ ಸಲ," ಎಂದಳು ಹೆಂಡತಿ.

ಜೆಟ್ಟಿ ಹತ್ತಿರವಾದಾಗ ಕೆಳಗಿನಿಂದ ಗದ್ದಲ ಕೇಳಿಸತೊಡಗಿತು. ಮೂವರು ಒಟ್ಟಿಗೆ ಕೂಗುತ್ತಿದ್ದರು. ಬಂತು, ಬಂತು, ಇಲ್ಲ ಹೋಗ್ತಿದೆ, ಸೆಟೀತು, ಬಿಡು ಬಿಡು. ಅವನ ಕಾಲದಲ್ಲಿ ಆ ಹೊತ್ತಿಗೆ ಡೆಕ್ಕಿನ ಮೇಲೆ ಒಂದೇ ದನಿ ಇರುತ್ತಿತ್ತು. ಮೇಸ್ತ್ರಿ ಕಣ್ಣುಮುಚ್ಚಿ ಕೇಳಿದ. ಯಾವ ದನಿ ಯಾರದು ಎಂದು ತಿಳಿಯಿತು, ಯಾರು ಸರಿ ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ಹಡಗು ಜೆಟ್ಟಿಗೆ ಒಂದು ಸಲ ಧಡ್ ಎಂದು ತಗುಲಿತು. ತೀರಾ ಒಳ್ಳೆಯ ಕಟ್ಟುವಿಕೆಯೇನಲ್ಲ. ಆದರೂ ನಿಂತಿತು.

ಇಳಿಯುವ ಹಲಗೆಯ ಬಳಿ ಬಲೆಯಕ್ಕ ನಿಂತಿದ್ದಳು. ಬಲಗೈ ಗ್ಲೌಸಿನಲ್ಲಿ, ಎಡಗೈಯಲ್ಲಿ ಮುದುಕರನ್ನು ಹಿಡಿದು ಇಳಿಸುತ್ತಿದ್ದಳು. ಮೇಸ್ತ್ರಿಯ ಮೊಣಕೈಯನ್ನೂ ಹಾಗೇ ಹಿಡಿದಳು. ಆಮೇಲೆ ಮುಖ ನೋಡಿದಳು.

"ವಾಂತಿ ಆಯ್ತಾ ಅಣ್ಣಾ?"

"ಎರಡು ಸಲ."

"ಹೋಗುವಾಗ ಮುಂದೆ ಕೂರಬೇಡಿ. ಮಧ್ಯದಲ್ಲಿ ಕೂತ್ಕೊಳ್ಳಿ, ಅಲ್ಲಿ ಅಲುಗಾಟ ಕಡಿಮೆ."

ಅವನು ಸಾವಿರ ಜನಕ್ಕೆ ಹೇಳಿದ್ದ ಮಾತು ಅದು. ಗೊತ್ತು ಎನ್ನಲು ಬಾಯಿ ತೆರೆದವನು, "ಆಯ್ತು ತಂಗಿ," ಎಂದ. ಅವಳಾಗಲೇ ಹಿಂದಿನ ಮುದುಕಿಯತ್ತ ಕೈ ಚಾಚಿದ್ದಳು. ಹೆಂಡತಿ ಬ್ಯಾಗು ಹಿಡಿದು ಮುಂದೆ ನಡೆದು, ಅಕ್ಕನ ಮನೆಯ ಕಡೆಗೆ ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರನ್ನೋ ಕೇಳುತ್ತಿದ್ದಳು.